ಔಷಧ ಹಾಕದ ಬೀಕರ್

ಔಷಧ ಹಾಕಿದ ಬೀಕರಿನಲ್ಲಿ ಹುಳ ಸತ್ತರೆ ಯಾರೂ ಬೆಚ್ಚುವುದಿಲ್ಲ. ಸಾಯಲೆಂದೇ ಹಾಕಿದ್ದು. ಆದರೆ ಅಮರಮ್ಮನ ಮೇಜಿನ ಮೇಲೆ ಔಷಧದ ಸೋಂಕೇ ಇಲ್ಲದ ಬರೀ ನೀರಿನ ಬೀಕರಿನಲ್ಲೂ ಸೊಳ್ಳೆಮರಿಗಳೆಲ್ಲ ಸತ್ತು ತಳ ಹಿಡಿದಿದ್ದವು. ಬುಧವಾರ ಬೆಳಿಗ್ಗೆ ಮೇಲಿನ ತೆಳು ಬಟ್ಟೆ ತೆಗೆದು ನೋಡಿದಳು. ಸೋಮವಾರ ಹೀಗೇ ಆಗಿತ್ತು, ಮಂಗಳವಾರವೂ ಹೀಗೇ ಆಗಿತ್ತು. ಅವಳು ಬೀಕರನ್ನು ಅಲ್ಲಾಡಿಸಿದಳು, ಬೆಳಕಿಗೆ ಹಿಡಿದಳು. ಒಂದು ಮರಿಯೂ ಮಿಸುಕಲಿಲ್ಲ.

ಆ ಬರೀ ನೀರಿನ ಬೀಕರಿಗೆ ಪ್ರಯೋಗಾಲಯದಲ್ಲಿ ಬ್ಲ್ಯಾಂಕ್ ಎಂದು ಹೆಸರು. ಅದರಲ್ಲಿ ಏನೂ ಇರುವುದಿಲ್ಲ, ಆದರೆ ಎಲ್ಲವೂ ಅದರ ಮೇಲೇ ನಿಂತಿರುತ್ತದೆ. ಬರೀ ನೀರಿನಲ್ಲಿ ಹುಳ ಬದುಕಿದರೆ ಮಾತ್ರ ಪಕ್ಕದ ಬೀಕರಿನ ಹುಳ ಔಷಧದಿಂದ ಸತ್ತಿತು ಎಂದು ಹೇಳುವ ಹಕ್ಕು ಬರುತ್ತದೆ. ಬ್ಲ್ಯಾಂಕ್ ಸತ್ತರೆ ಇಡೀ ದಿನದ ಕೆಲಸ ಚರಂಡಿಗೆ ಹೋಯಿತೆಂದೇ ಲೆಕ್ಕ.

ಗಾಂಧಿ ಶತಾಬ್ದಿಯ ಭಾಷಣಗಳು ಮುಗಿದು ಊರೂರು ಸುಮ್ಮನಾಗಿದ್ದ ಚಳಿಗಾಲ ಅದು. ಸಿಂಧನೂರಿನ ಕಾಲುವೆ ದಂಡೆಯ ಮೇಲೆ, ಹಿಂದೆ ಸಿಮೆಂಟು ಚೀಲ ಒಟ್ಟುತ್ತಿದ್ದ ಗೋದಾಮಿಗೆ ಸುಣ್ಣ ಬಳಿದು ಪ್ರಯೋಗಾಲಯ ಮಾಡಿದ್ದರು. ಪಿಎಚ್.ಡಿ. ಮಾಡುವ ಹುಡುಗರಿಗೆ ಓದು ತಲೆಯಲ್ಲಿದೆ, ಕೈಯಲ್ಲಿ ಕೆಲಸವಿಲ್ಲ ಎಂದು ಯಾರೋ ಪುಣ್ಯಾತ್ಮರಿಗೆ ಹೊಳೆದಿತ್ತು. ರಸಾಯನಶಾಸ್ತ್ರದವರನ್ನೂ ಜೀವಶಾಸ್ತ್ರದವರನ್ನೂ ಒಂದೇ ಸೂರಿನಡಿ ಒಂದು ತಿಂಗಳ ತರಬೇತಿಗೆ ಕೂಡಿಹಾಕಿದ್ದರು. ಕಾಲುವೆ ಬಂತು, ಕಾಲುವೆಯ ಹಿಂದೆ ಹತ್ತಿ ಬಂತು, ಹತ್ತಿಯ ಹಿಂದೆ ಹುಳ ಬಂತು, ಹುಳದ ಹಿಂದೆ ಎಂಡ್ರಿನ್ ಎಂಬ ಔಷಧ ಬಂತು. ಹೊಡೆದ ಎಂಡ್ರಿನ್ ಮಣ್ಣಿನಲ್ಲಿ, ನೀರಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡುವುದೇ ಆ ತಿಂಗಳ ಕೆಲಸ. ರಸಾಯನಶಾಸ್ತ್ರದವರು ಅದನ್ನು ಮಣ್ಣಿನಿಂದ ಎಳೆದು ತೆಗೆಯಬೇಕು, ಜೀವಶಾಸ್ತ್ರದವರು ಅದರಲ್ಲಿ ಸೊಳ್ಳೆಮರಿ ಬಿಟ್ಟು ಎಷ್ಟು ಸತ್ತವು ಎಂದು ನೋಡಬೇಕು, ಒಬ್ಬರ ಕೆಲಸ ಇನ್ನೊಬ್ಬರು ಕಲಿಯಬೇಕು. ಅಮರಮ್ಮ ಜೀವಶಾಸ್ತ್ರದವಳು.

ಕಲಿಸುವವರು ಡಾಕ್ಟರ್ ಆದೆಪ್ಪನವರು, ಲಿಂಗಸುಗೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಗಾಜು ತೊಳೆಯುವ ವಿಷಯ ಬಂದರೆ ಮಡಿಹೆಂಗಸರೂ ಅವರ ಮುಂದೆ ನಿಲ್ಲಲಾರರು. ಸೋಪಿನ ನೀರು, ಬಿಸಿನೀರು, ಆಮ್ಲ, ಮತ್ತೆ ನೀರು. ತೊಳೆದ ಬೀಕರನ್ನು ಕಿಟಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ವಧುಪರೀಕ್ಷೆಗೆ ಬಂದ ಸೋದರತ್ತೆಯ ಹಾಗೆ ನೋಡುತ್ತಿದ್ದರು.

"ಏನವ್ವ ಅಮರಮ್ಮ, ಇವತ್ತೂ ಸತ್ತಾವೇನು?"

"ಸತ್ತಾವ್ರಿ ಸರ್."

"ಗಾಜು ತೊಳದಿದ್ದೇನು?"

"ನೀವು ಹೇಳಿದ್ದಕ್ಕಿಂತ ಒಂದು ಕೈ ಜಾಸ್ತಿನೇ ತೊಳದೀನ್ರಿ."

"ಹಂಗಾದ್ರ ಹುಳಕ್ಕ ನಿನ್ನ ಮಾರಿ ಕಂಡ್ರ ಆಗಾಂಗಿಲ್ಲ ಅಂತ ಬರಕೊಳ್ಳಲೇನು?"

ಉಳಿದವರು ನಕ್ಕರು. ಅಮರಮ್ಮನೂ ನಗಲು ನೋಡಿದಳು, ತುಟಿ ಏಳಲಿಲ್ಲ. ಆದೆಪ್ಪನವರು ನಗಲಿಲ್ಲ.

"ನೋಡವ್ವ, ಮೊದಲನೇ ವಾರ ನಿನ್ನ ಕೈ ಎಲ್ಲಾರಿಗಿಂತ ಚಲೋ ಇತ್ತು. ಈಗ ಏನಾಗೇತೋ ನನಗ ತಿಳಿಯವಲ್ದು. ನಿಮ್ಮ ಗೈಡಿಗೆ ನಾ ಸುಳ್ಳು ಹೇಳಾಂವ ಅಲ್ಲ. ನಾಳಿ ಒಂದು ದಿನ ನೋಡ್ತೀನಿ. ನಾಳೀನೂ ಸತ್ರ ನೀ ಪೆಟ್ಟಿಗಿ ಕಟ್ಟು."

ಪೆಟ್ಟಿಗೆ ಕಟ್ಟಿದರೆ ಎಲ್ಲಿಗೆ ಎಂದು ಅಮರಮ್ಮನಿಗೆ ಗೊತ್ತಿತ್ತು. ಮಸ್ಕಿಗೆ, ಅಕ್ಕ ಪಂಪಮ್ಮನ ಮನೆಗೆ. ತಾಯಿಯಿಲ್ಲದ ಅವಳನ್ನು ಸಾಕಿ ಓದಿಸಿದವಳು ಈ ಅಕ್ಕ. ತರಬೇತಿಯ ಹಾಳೆಯ ಮೇಲೆ ಸರಿಯಾದ ಮಾತು ಬೀಳದಿದ್ದರೆ ಸಂಶೋಧನೆಯ ಜಾಗ ಬೇರೆಯವರಿಗೆ ಎಂದು ಗೈಡು ಮೊದಲೇ ಹೇಳಿದ್ದರು. ಅಕ್ಕ ಬೈಯುವವಳಲ್ಲ. "ಬಾರವ್ವ, ಜೋಗಿನ ನೋಡಿಕೊಂಡು ಇರು" ಎನ್ನುತ್ತಾಳೆ. ಅದೇ ಹೆಚ್ಚು ನೋವು.

ಜೋಗಿ ಎಂದರೆ ಅಕ್ಕನ ಮಗಳು ಜೋಗಮ್ಮ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಕೂಸು. ಇತ್ತೀಚೆಗೆ ಅವಳಿಗೆ ಪಿಡ್ಸು ಶುರುವಾಗಿತ್ತು. ಆಡುತ್ತಾ ಆಡುತ್ತಾ ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಕೈಕಾಲು ಸೆಟೆದು ಬಿದ್ದುಬಿಡುತ್ತಿದ್ದಳು. ಕಂಪೌಂಡರನ ಕೆಂಪು ಔಷಧ ಆಯಿತು, ದರ್ಗಾದ ತಾಯಿತ ಆಯಿತು. ಯಾವುದಕ್ಕೂ ಬಗ್ಗಲಿಲ್ಲ. ಹೋದ ಶನಿವಾರ ಅಕ್ಕ ಕಳಿಸಿದ ಗಂಟು ಕೊಡುವಾಗ ಬಸ್ಸಿನ ಕಂಡಕ್ಟರ್ ಹಸನ್‌ಸಾಬ್, ಪಂಪಮ್ಮನ ಓಣಿಯವನೇ, ಸುದ್ದಿಯನ್ನೂ ಕೊಟ್ಟಿದ್ದ.

"ನಿನ್ನೆ ಮತ್ತ ಬಂದಿತ್ತವ್ವ ಕೂಸಿಗೆ. ಏನು ಮಾಡಾದು, ಅಲ್ಲಾನ ಮರ್ಜಿ. ಇದರಾಗ ಎಣ್ಣಿ ಸೀಸಾ ಐತಿ, ನೆಟ್ಟಗ ಹಿಡಿ. ಚೆಲ್ಲಿದ್ರ ನಿಮ್ಮಕ್ಕ ನನ್ನ ಬಸ್ ಹತ್ತಾಕ ಬಿಡಾಂಗಿಲ್ಲ."

ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೆಂತ್ಯ ಕರಿಬೇವು ಹಾಕಿ ಕಾಸಿದ ತಲೆಎಣ್ಣೆ. ಅಂದಿನಿಂದ ದಿನಾ ಬೆಳಿಗ್ಗೆ ಆ ಎಣ್ಣೆ ಹಚ್ಚಿ, ಜಡೆ ಬಿಗಿದು ಅಮರಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದಳು. ತಲೆ ಸಣ್ಣಗೆ ನೋಯುತ್ತಿತ್ತು. ಹುಳ ಸಾಯುವ ಚಿಂತೆಗೆ ನೋಯುತ್ತಿದೆ ಎಂದುಕೊಂಡು ಇನ್ನಷ್ಟು ಎಣ್ಣೆ ತಿಕ್ಕಿಕೊಂಡಿದ್ದಳು.

ಆ ಮಧ್ಯಾಹ್ನ ಪಕ್ಕದ ಮೇಜಿನ ಹೊನ್ನೂರಪ್ಪ ಒಂದು ಉಪಾಯ ಹೇಳಿದ. ಪಾಮನಕಲ್ಲೂರಿನವನು, ರಸಾಯನಶಾಸ್ತ್ರದವನು, ಮಾತು ಕಮ್ಮಿ.

"ನನ್ನ ಗಾಜು ನೀ ತಗೋ. ನಿನ್ನ ಗಾಜು ನಾ ತಗೋತೀನಿ. ಒಂದೇ ಕೊಡದ ನೀರು, ಒಂದೇ ತೊಟ್ಟಿಯ ಹುಳ. ತಪ್ಪು ಎಲ್ಲೈತಿ ಅಂತ ನಾಳಿಗಿ ಅದ ಹೇಳ್ತದ."

ಹೇಳಿತು. ಗುರುವಾರ ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ನೆರೆದರು. ಅವಳ ಬೀಕರಿನಲ್ಲಿ ಹೊನ್ನೂರಪ್ಪ ಬಿಟ್ಟ ಹುಳಗಳು ಕುಣಿದಾಡುತ್ತಿದ್ದವು. ಹೊನ್ನೂರಪ್ಪನ ಬೀಕರಿನಲ್ಲಿ ಅವಳು ಬಿಟ್ಟ ಹುಳಗಳು ಎಲ್ಲವೂ ಸತ್ತಿದ್ದವು.

ಆದೆಪ್ಪನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಗಾಜು ಸುದ್ದ ಐತಿ. ನೀರು ಸುದ್ದ ಐತಿ," ಎಂದರು ನಿಧಾನಕ್ಕೆ. "ನಿನ್ನ ಕೈಯಾಗ ಏನೋ ಐತಿ."

ಗಾಜಿನ ತಪ್ಪು ಎಂದರೆ ತೊಳೆಯಬಹುದು. ಕೈಯನ್ನು ಎಲ್ಲಿ ಬಿಟ್ಟು ಬರುವುದು? ಅಮರಮ್ಮ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅವು ನಿನ್ನೆಯ ಕೈಗಳೇ ಆಗಿದ್ದವು. ಆದರೂ ಅವನ್ನು ನೋಡಿ ಅವಳಿಗೆ ಭಯವಾಯಿತು.

"ಅಳಬ್ಯಾಡ. ನನ್ನ ಮುಂದ ಇನ್ನೊಂದು ಬ್ಲ್ಯಾಂಕ್ ಮಾಡು. ಅವಸರ ಮಾಡಬ್ಯಾಡ, ದಿನಾ ಮಾಡಿದಂಗ ಮಾಡು."

ಅವಳು ಕುದಿಸಿ ಆರಿಸಿದ ನೀರನ್ನು ಬೀಕರಿಗೆ ತುಂಬಿದಳು. ತುಂಬಿ, ಮೇಲಿನ ನೀರನ್ನು ಎರಡು ಬೆರಳಿನಿಂದ ಚಕ್ಕನೆ ಚಿಮ್ಮಿ ಚೆಲ್ಲಿದಳು.

"ನಿಲ್ಲು. ಏನು ಮಾಡಿದಿ ಈಗ?"

"ಏನ್ರಿ ಸರ್? ನೀರು ತುಂಬಿದೆ."

"ನೀರಾಗ ಬೆರಳು ಹಾಕಿದಿ."

ಅವಳು ಇಲ್ಲವೆಂದಳು. ಹೊನ್ನೂರಪ್ಪ ಹೌದೆಂದ. ಆಮೇಲೆ ಅವಳಿಗೇ ಹೊಳೆದು ನಾಚಿಕೆಯಾಯಿತು. ಆ ಕಡೆ ಯಾವ ಹೆಣ್ಣುಮಗಳು ಕೊಡ ತುಂಬಿದರೂ ಮೇಲೆ ಬಿದ್ದ ಧೂಳು ಹೋಗಲೆಂದು ಹಾಗೆ ಒಂದು ಸಲ ಚಿಮ್ಮುತ್ತಾಳೆ. ಅದು ಕೈಗೆ ಅಂಟಿದ ಅಭ್ಯಾಸ, ತಲೆಗೆ ತಿಳಿಸದೆ ನಡೆಯುವಂಥದ್ದು. ಎಮ್.ಎಸ್ಸಿ. ಮುಗಿಸಿದರೂ ಅವಳ ಬೆರಳು ಮಸ್ಕಿಯ ಬಾವಿಕಟ್ಟೆಯ ಮೇಲೇ ಇತ್ತು.

ತಪ್ಪು ಸಿಕ್ಕಿತೆಂದು ಉಳಿದವರು ಉಸಿರು ಬಿಟ್ಟರು. ಆದೆಪ್ಪನವರು ಬಿಡಲಿಲ್ಲ. ಹೊನ್ನೂರಪ್ಪನ ಬೆರಳನ್ನು ಒಂದು ಬೀಕರಿನಲ್ಲಿ ಅದ್ದಿಸಿದರು, ಅಮರಮ್ಮನ ಬೆರಳನ್ನು ಇನ್ನೊಂದರಲ್ಲಿ. ಎರಡಕ್ಕೂ ಹುಳ ಬಿಟ್ಟು ಎಲ್ಲರೂ ಕಾದರು. ಚಹಾ ಬಂದು ಆರಿ ಹೋಯಿತು. ಹೊನ್ನೂರಪ್ಪನ ಬೀಕರಿನವು ಕುಣಿಯುತ್ತಲೇ ಇದ್ದವು. ಅಮರಮ್ಮನ ಬೀಕರಿನ ಮರಿಗಳು ಮೊದಲು ಸುರುಳಿ ಸುತ್ತಿದವು, ಸೆಟೆದವು, ಮತ್ತೆ ಸುತ್ತಿದವು, ಆಮೇಲೆ ಒಂದೊಂದೇ ತಳಕ್ಕಿಳಿದವು.

"ಬರೀ ಬೆರಳಿಗೆ ಹುಳ ಸಾಯಾಂಗಿಲ್ಲ," ಎಂದರು ಆದೆಪ್ಪನವರು. "ಬೆರಳಿಗೆ ಏನು ಹತ್ತೇತಿ?"

ಅಮರಮ್ಮ ಗಾಬರಿಯಾದಾಗ ಜಡೆ ಹಿಡಿದುಕೊಳ್ಳುವವಳು. ಈಗಲೂ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಬುಡದಿಂದ ತುದಿಯವರೆಗೆ ಕೈಯಾಡಿಸುತ್ತಾ ನಿಂತಿದ್ದಳು. ಆದೆಪ್ಪನವರ ಕಣ್ಣು ಆ ಕೈಯ ಮೇಲೆ ನಿಂತಿತು.

"ಯಾವ ಎಣ್ಣಿ ಹಚ್ಚೀದಿ?"

"ಮನಿ ಎಣ್ಣಿರಿ. ಅಕ್ಕ ಕಾಸಿ ಕಳಿಸ್ಯಾಳ."

"ತಗೊಂಡು ಬಾ."

ಸೀಸೆ ಬಂತು. ಮೂಸಿದರೆ ಮೆಂತ್ಯ, ಕರಿಬೇವು, ಕರ್ಪೂರ. ಅದರ ಕೆಳಗೆ ಇನ್ನೇನಾದರೂ ವಾಸನೆ ಇದ್ದರೂ ಆ ಗೋದಾಮಿನಲ್ಲಿ ಯಾರ ಮೂಗಿಗೂ ತಿಳಿಯುವಂತಿರಲಿಲ್ಲ. ಅಲ್ಲಿಯ ಗೋಡೆ, ಬಾಗಿಲು, ಉಟ್ಟ ಬಟ್ಟೆ ಎಲ್ಲ ಹುಳದ ಔಷಧದ ನಾತ ನಾರುತ್ತಿದ್ದವು. ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿದ ಬೀಕರಿನಲ್ಲಿ ಹುಳಗಳು ನೋಡನೋಡುತ್ತಿದ್ದಂತೆ ಒದ್ದಾಡಿದವು.

ಆಮೇಲಿನದು ರಸಾಯನಶಾಸ್ತ್ರದ ಕೆಲಸ. ಹೊನ್ನೂರಪ್ಪ ಕೈಯಿಡಲು ಹೋದ. "ನಾನ ಮಾಡ್ತೀನಿ," ಎಂದಳು ಅಮರಮ್ಮ. ಬಿಳಿ ಪುಡಿ ಲೇಪಿಸಿದ ಗಾಜಿನ ಪಟ್ಟಿಯ ಬುಡದಲ್ಲಿ ಒಂದು ಕಡೆ ಗೊತ್ತಿದ್ದ ಎಂಡ್ರಿನ್ನಿನ ಚುಕ್ಕೆ, ಇನ್ನೊಂದು ಕಡೆ ಅಕ್ಕನ ಎಣ್ಣೆಯಿಂದ ಎಳೆದದ್ದರ ಚುಕ್ಕೆ ಇಟ್ಟಳು. ಪಟ್ಟಿಯ ಬುಡವನ್ನು ದ್ರಾವಕದಲ್ಲಿ ನಿಲ್ಲಿಸಿದಳು; ಎರಡೂ ಚುಕ್ಕೆ ಒಂದೇ ಎತ್ತರಕ್ಕೆ ಏರಿದರೆ ಎರಡೂ ಒಂದೇ ವಸ್ತು. ಬೆಳ್ಳಿಯ ಉಪ್ಪಿನ ನೀರು ಸಿಂಪಡಿಸಿ, ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದಳು. ವಾರದ ಹಿಂದೆ ಇದನ್ನೇ ಕಲಿಸುವಾಗ ಇದು ಎಂಥ ಚೆಂದದ ಆಟ ಎಂದು ಅವಳಿಗೆ ಅನ್ನಿಸಿತ್ತು. ಈಗ ಒಂದು ಕಪ್ಪು ಮಚ್ಚೆ ಮೂಡಿತು. ಅದರ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಅದರಷ್ಟೇ ಕಪ್ಪಗೆ ಇನ್ನೊಂದು ಮೂಡಿತು.

ಅಮರಮ್ಮ ಎರಡನ್ನೂ ನೋಡುತ್ತಾ ನಿಂತಳು. ತನ್ನ ಜಾಗ ಉಳಿಯಿತು ಎಂದು ಒಂದು ಗಳಿಗೆ ಅನ್ನಿಸಿತು, ಸುಳ್ಳೇಕೆ. ಕೈ ಕೆಟ್ಟಿಲ್ಲ, ಎಣ್ಣೆ ಕೆಟ್ಟಿದೆ. ಆ ಗಳಿಗೆ ಮುಗಿಯುವ ಮೊದಲೇ ಹುಳಗಳು ಸತ್ತ ಬಗೆ ಕಣ್ಣ ಮುಂದೆ ಬಂತು. ಸುತ್ತಿ, ಸೆಟೆದು, ಮತ್ತೆ ಸುತ್ತಿ. ಹಾಗೆ ಸೆಟೆಯುವುದನ್ನು ಅವಳು ಬೀಕರಿನಲ್ಲಿ ಮಾತ್ರ ನೋಡಿರಲಿಲ್ಲ.

"ಸರ್," ಎಂದಳು. "ಈ ಎಣ್ಣಿನ ನಮ್ಮ ಜೋಗಿಗೂ ಹಚ್ಚತಾರ. ಆಕಿಗೆ ಪಿಡ್ಸು ಬರ್ತಾವ."

ಅಲ್ಲಿಯವರೆಗೆ ಆದೆಪ್ಪನವರು ಮಾತಿಗೆ ತಡವರಿಸಿದ್ದನ್ನು ಯಾರೂ ಕಂಡಿರಲಿಲ್ಲ. "ಎಂಡ್ರಿನ್... ನರಕ್ಕ ಹತ್ತತದವ್ವ ಅದು. ಚರ್ಮದಾಗ ಹಾದು ಹೋಗ್ತದ," ಎಂದರು. "ಹೋಗು. ಮೊದಲನೇ ಬಸ್ ಹಿಡಿ. ಸೋಪು ಹಚ್ಚಿ ತೊಳಿ, ಕೂದಲಾ ತಗಿ. ನಿನ್ನ ಕೈ ಚಲೋ ಐತಿ ಅಂತ ನಾ ಬರೀತೀನಿ. ನೀ ಹೋಗು."

ಬರೀತೀನಿ ಎಂದ ಮಾತು ಅವಳ ಕಿವಿಗೆ ಬೀಳಲಿಲ್ಲ.

ಹಸನ್‌ಸಾಬನ ಬಸ್ಸೇ ಸಿಕ್ಕಿತು. ಅವನು ಏನೋ ಕೇಳಿದ, ಅವಳು ಏನೋ ಹೇಳಿದಳು. ಭತ್ತದ ಗದ್ದೆಗಳು ಮುಗಿದು ಹತ್ತಿಯ ಹೊಲಗಳು ಶುರುವಾದವು. ಹೊಲದ ಬದುವಿನಲ್ಲಿ ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗೈಯಲ್ಲಿ ಔಷಧ ಕಲಸುತ್ತಿದ್ದ. ಅಮರಮ್ಮ ಮುಖ ತಿರುಗಿಸಿದಳು. ಎಣ್ಣೆಯಲ್ಲಿ ಅದು ಹೇಗೆ ಬಂತು ಎಂದು ತಲೆ ಕೆಡಿಸಿಕೊಂಡವಳಿಗೆ ದೀಪಾವಳಿಯ ರಜೆ ನೆನಪಾಯಿತು.

ಅಂದು ಕಟ್ಟೆಯ ಮೇಲೆ ಕುಳಿತು ಅಕ್ಕ ಜೋಗಿಯ ತಲೆಯಲ್ಲಿ ಹೇನು ಹೆಕ್ಕುತ್ತಿದ್ದಳು. ಓಣಿಯ ಹೆಂಗಸರೂ ಇದ್ದರು. ಓದಿದವರಿಗೆ ಒಂದು ಚಟ, ಕೇಳುವವರು ಸಿಕ್ಕರೆ ಸಾಕು. ನೀ ಅಲ್ಲಿ ಏನು ಕಲಿತಿ ಎಂದು ಯಾರೋ ಕೇಳಿದರು. "ಭಾವ ಹತ್ತಿಗೆ ಹೊಡಿತಾನಲ್ಲ, ಆ ಎಂಡ್ರಿನ್ ಒಂದು ಹನಿ ಸಾಕು, ಹುಳದ ವಂಶನ ಉಳಿಯಾಂಗಿಲ್ಲ" ಎಂದು ಇವಳು ಕೊಚ್ಚಿಕೊಂಡಿದ್ದಳು. ಎಲ್ಲರೂ ಬಾಯಿ ಬಿಟ್ಟು ಕೇಳಿದ್ದರು. ಜೋಗಿಗೆ ಪಿಡ್ಸು ಬಂದದ್ದು ಆ ದೀಪಾವಳಿ ಕಳೆದ ಮೇಲೆ. ಸಂಕ್ರಾಂತಿಗೆ ಬಂದಾಗ "ತಲಿಗೆ ಎಣ್ಣಿ ಒತ್ತಕ್ಕ, ತಂಪಾಗ್ತದ" ಎಂದು ಹೇಳಿ ಹೋದವಳೂ ಇವಳೇ. ಅಳು ಬರಲಿಲ್ಲ. ಬೆಚ್ಚಿದವರಿಗೆ ಅಳು ತಡವಾಗಿ ಬರುತ್ತದೆ.

ಮಸ್ಕಿಯಲ್ಲಿ ಇಳಿದು ಓಡಿದಳು. ಪಂಪಮ್ಮ ಕಟ್ಟೆಯ ಮೇಲೆ ಮಗಳನ್ನು ತೊಡೆಯಲ್ಲಿ ಹಾಕಿಕೊಂಡು ಕುಳಿತಿದ್ದಳು. ಜೋಗಿ ಸೋತು ಮಲಗಿದ್ದಳು. ಎಣ್ಣೆ ಹಣೆಯಿಂದ ಇಳಿದು ಕಿವಿಯ ಹತ್ತಿರ ಹೊಳೆಯುತ್ತಿತ್ತು. ಪಂಪಮ್ಮನ ಅಂಗೈಯಲ್ಲಿ ಇನ್ನೂ ಒಂದಿಷ್ಟಿತ್ತು.

"ಬಂದೇನವ್ವ ನನ್ನ ತಂಗಿ. ಮುಂಜಾನಿ ಮತ್ತ ಬಂದಿತ್ತು. ಈಗ ತಣ್ಣಗಾಗ್ಯಾಳ. ನೀ ಹೇಳಿದಂಗ ಎಣ್ಣಿ ಒತ್ತಾಕತ್ತೀನಿ."

ಅಮರಮ್ಮ ಅಕ್ಕನ ಮುಂಗೈ ಹಿಡಿದಳು.

"ಅಕ್ಕ, ಈ ಎಣ್ಣ್ಯಾಗ ಏನು ಹಾಕೀದಿ?"

ಪಂಪಮ್ಮನ ಮುಖದಲ್ಲಿ ನಗು ಮೂಡಿತು. "ತಿಳೀತೇನು ನಿನಗ? ನಿಮ್ಮ ಭಾವನ ಹತ್ತಿ ಔಷಧ. ಸಿಂಧನೂರಾಗ ನೂರು ಮಂದಿ ನಡುವ ಇರ್ತಿ, ಹೇನು ಆದಾವು ಅಂತ ನಿನ್ನ ಸೀಸಾಕ್ಕೂ ಹಾಕೀನಿ. ನೀ ಹೇಳಿದಂಗ ಹನಿ ಹನಿನ ಹಾಕೀನಿ, ಕೈ ಜಾರಗೊಟ್ಟಿಲ್ಲ. ಜೋಗಿ ತಲ್ಯಾಗ ಒಂದು ಹೇನು ಇಲ್ಲ, ಬೇಕಾದ್ರ ನೋಡು."

"ಪಿಡ್ಸು ಇದರಿಂದನ ಬರಾಕತ್ಯಾವಕ್ಕ."

ಪಂಪಮ್ಮನಿಗೆ ಕೂಡಲೇ ತಿಳಿಯಲಿಲ್ಲ. ತಂಗಿಯ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾಯಿತು. "ಇದರಿಂದ?" ಎಂದಳು. ಆಮೇಲೆ ಬಹಳ ಮೆಲ್ಲಗೆ, "ಪಿಡ್ಸು ಬಂದಾಗೆಲ್ಲ ನಾ ಜಾಸ್ತಿ ಹಚ್ಚೀನಲ್ಲ ಬೇ" ಎಂದಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ ಮೇಲೆ ಸೆರಗನ್ನೂ ಮೈಯಿಂದ ದೂರ ಹಿಡಿದಳು.

ಬಿಸಿನೀರು ಕಾಸಿದರು. ಅಮರಮ್ಮ ಕತ್ತರಿ ತಂದಾಗ ಜೋಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. "ಚಿಗವ್ವ, ನನ್ನ ಜಡಿ ಬ್ಯಾಡ" ಎಂದು ಬಿಕ್ಕಿದಳು. ಅಮರಮ್ಮ ಮೊದಲು ತನ್ನ ಜಡೆಯನ್ನು ಬುಡಕ್ಕೆ ಹಿಡಿದು ಕತ್ತರಿಸಿ ಕೂಸಿನ ಮುಂದೆ ಇಟ್ಟಳು. ಜೋಗಿ ಅಳು ಮರೆತು ಅದನ್ನೇ ನೋಡಿದಳು. ಪಂಪಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು. ಮದುವೆಯಾಗದ ಹುಡುಗಿಯ ಜಡೆ ಹಾಗೆ ನೆಲದ ಮೇಲೆ ಬಿದ್ದದ್ದನ್ನು ಆ ಮನೆ ಕಂಡಿರಲಿಲ್ಲ. ಜೋಗಿಯ ಕೂದಲು ತೆಗೆದು, ಸೋಪು ಹಚ್ಚಿ ತೊಳೆದರು, ಮತ್ತೆ ತೊಳೆದರು. ಗಾಜು ತೊಳೆಯಲು ಕಲಿತ ಕೈ ಅಲ್ಲಿ ಕೆಲಸಕ್ಕೆ ಬಂತು. ಅಮರಮ್ಮ ಆ ಪುಟ್ಟ ತಲೆಯನ್ನು ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿ, ಇನ್ನೊಂದು ಸಲ ತೊಳೆದಳು.

ಟವೆಲಿನಿಂದ ಒರೆಸುತ್ತಿರುವಾಗ ಬಾಗಿಲಲ್ಲಿ ಹಸನ್‌ಸಾಬನ ಹೆಂಡತಿ ಇಮಾಮ್‌ಬೀ ಬಂದು ನಿಂತಳು. ಕೈಯಲ್ಲಿ ಒಂದು ಹಿತ್ತಾಳೆ ಬಟ್ಟಲು.

"ಪಂಪಮ್ಮ, ಡಾಕ್ಟರಮ್ಮನ ಎಣ್ಣಿ ಒಂದೀಟು ಹಾಕು. ನಮ್ಮದು ಮುಗಿದೈತಿ."

ಆಮೇಲೆ ಅಮರಮ್ಮನನ್ನು ಕಂಡು, ಅವಳ ಜಡೆಯಿಲ್ಲದ ಕುತ್ತಿಗೆ ಕಂಡು, ಮಾತು ನಿಲ್ಲಿಸಿದಳು.

ಅಮರಮ್ಮ ಅಕ್ಕನ ಕಡೆ ತಿರುಗಿದಳು. "ಡಾಕ್ಟರಮ್ಮ ಯಾರು?"

ಪಂಪಮ್ಮ ತಲೆಯೆತ್ತಲಿಲ್ಲ. "ಎಲ್ಲಾರೂ ಕೇಳಿದ್ರು. ಜೋಗಿ ತಲ್ಯಾಗ ಹೇನು ಹೋದದ್ದು ಕಂಡು ಕೇಳಿದ್ರು. ಔಷಧ ಹಾಕೀನಂದ್ರ ಮೊದಲು ಅಂಜಿದ್ರು. ಹೆದರಬ್ಯಾಡ್ರಿ, ನಮ್ಮ ಅಮರಮ್ಮ ಹೇಳಿದ್ದು, ದೊಡ್ಡ ಓದು ಓದಾಕತ್ಯಾಳ ಅಂದೆ. ನಿನ್ನ ಹೆಸರು ಹೇಳಿದ ಮ್ಯಾಲ ಇಸಗೊಂಡು ಹೋದ್ರು."

"ಯಾರ್ಯಾರಿಗೆ ಕೊಟ್ಟೀದಿ?"

ಪಂಪಮ್ಮ ಬೆರಳು ಮಡಚುತ್ತಾ ಹೆಸರು ಹೇಳತೊಡಗಿದಳು. ಗಿರಿಯಮ್ಮ, ಹುಸೇನ್‌ಬೀ, ಗ್ಯಾನಮ್ಮನ ಇಬ್ಬರು ಸೊಸೆಯರು. ಎರಡೂ ಕೈಯ ಬೆರಳು ಮುಗಿದವು. ಅವಳು ಮತ್ತೆ ಮೊದಲ ಬೆರಳಿಗೆ ಬಂದಳು.

ಅಮರಮ್ಮನಿಗೆ ಮುಂದೆ ಕೇಳಿಸಲಿಲ್ಲ. ಆ ಓಣಿಯಲ್ಲಿ ತನ್ನ ಹೆಸರು ಇಷ್ಟು ದೂರ ಹೋಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಇಮಾಮ್‌ಬೀಯ ಕೈಯಿಂದ ಬಟ್ಟಲನ್ನು ಬಿಡಿಸಿಕೊಂಡಳು.

"ಭಾಬಿ, ನಿಮ್ಮ ಕೂಸು ಎಲ್ಲೈತಿ?"

"ಮನ್ಯಾಗ ಮಲಗೇತಿ. ನಿನ್ನೆಯಿಂದ ಯಾಕೋ ಕೈಕಾಲು ಅದುರಾಕತ್ಯಾವ. ತಲಿ ತಂಪಾಗಲಿ ಅಂತ ಎಣ್ಣಿಗೆ ಬಂದೆ."

ಅಮರಮ್ಮ ನೆಲದ ಮೇಲಿದ್ದ ಕತ್ತರಿಯನ್ನೂ ಸೋಪನ್ನೂ ಬಾಚಿಕೊಂಡು, ಇಮಾಮ್‌ಬೀಗಿಂತ ಮೊದಲೇ ಇಮಾಮ್‌ಬೀಯ ಮನೆಯ ಹೊಸ್ತಿಲು ದಾಟಿದಳು.